ನಗು ತರಿಸುವ ತಪ್ಪು, ನಷ್ಟ ತರುವ ತಪ್ಪು

‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂದವರನ್ನು ಕಂಡು ನಗುವುದು ಇಂಗ್ಲಿಷ್ ಕಲಿತ ಭಾರತೀಯರ ಹಳೆಯ ಚಾಳಿ. ಮುಂಬೈಯ ಕವಿ ನಿಸ್ಸಿಮ್ ಎಝೆಕಿಯೆಲ್ 1976ರ ‘ಹಿಮ್ಸ್ ಇನ್ ಡಾರ್ಕ್‌ನೆಸ್’ ಸಂಕಲನದಲ್ಲಿ ಇಂಥ ಇಂಗ್ಲಿಷಿನಲ್ಲೇ ಕೆಲವು ಕವಿತೆಗಳನ್ನು ಬರೆದರು. ಅವುಗಳಲ್ಲೊಂದರಲ್ಲಿ ವಿದೇಶಕ್ಕೆ ಹೊರಟ ಮಿಸ್ ಪುಷ್ಪಾಳನ್ನು ಬೀಳ್ಕೊಡುವ ಭಾಷಣಕಾರ ಸಿಕ್ಕಸಿಕ್ಕ ಕ್ರಿಯಾಪದಕ್ಕೆಲ್ಲ ‘ಇಂಗ್’ ಅಂಟಿಸುತ್ತಾನೆ. ಕಾಲೇಜು ತರಗತಿಗಳಲ್ಲಿ ಅದನ್ನು ಓದಿ ನಕ್ಕವರಿಗೆ ಲೆಕ್ಕವಿಲ್ಲ. ಕವಿ ಅಣಕಿಸಿದ್ದೋ ಅಕ್ಕರೆಯಿಂದ ಬರೆದದ್ದೋ ಎಂಬ ಚರ್ಚೆ ವಿಮರ್ಶಕರಿಗೆ ಬಿಟ್ಟದ್ದು. ನಗುವವರಿಗೆ ಆ ಚರ್ಚೆ ಬೇಕಾಗಿಲ್ಲ.

ಈ ನಗು ಮನಸ್ಸು ನೋಯಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ದೂರು. ಅದಕ್ಕಿಂತ ದೊಡ್ಡ ದೂರು ಇನ್ನೊಂದಿದೆ: ನಗು ತಪ್ಪು ಜಾಗದಲ್ಲಿ ಬೀಳುತ್ತಿದೆ. ಇಂಗ್ಲಿಷಿನ ವರ್ತಮಾನ ಕಾಲದಲ್ಲಿ ಭಾರತೀಯರು ಮಾಡುವ ತಪ್ಪುಗಳಲ್ಲಿ ಅತಿ ಹೆಚ್ಚು ಗೇಲಿಗೆ ಒಳಗಾಗುವುದು ಅರ್ಥಕ್ಕೆ ಏನೂ ಧಕ್ಕೆ ತಾರದ ತಪ್ಪು. ಅರ್ಥವನ್ನೇ ಬದಲಿಸಿಬಿಡುವ ತಪ್ಪುಗಳು ಮಾತ್ರ ಯಾರ ಕಣ್ಣಿಗೂ ಬೀಳದೆ ಇಮೇಲು, ಅರ್ಜಿ, ಆಸ್ಪತ್ರೆ, ಠಾಣೆಗಳಲ್ಲಿ ನಿಶ್ಚಿಂತೆಯಿಂದ ಓಡಾಡಿಕೊಂಡಿವೆ. ಶಾಲೆ ಕಲಿಸುವ ಕ್ರಮವೂ ಹೀಗೇ ತಲೆಕೆಳಗು.

‘ಐ ಆ್ಯಮ್ ಹ್ಯಾವಿಂಗ್ ಶುಗರ್’ ಎಂದು ಪುಣೆಯ ಕ್ಲಿನಿಕ್ಕಿನಲ್ಲಿ ಕನ್ನಡದ ತಾಯಿಯೊಬ್ಬಳು ಹೇಳಿದರೆ ಡಾಕ್ಟರಿಗೆ ಅರ್ಥವಾಗುತ್ತದೆ. ಈಕೆ ಈಗ ಸಕ್ಕರೆ ತಿನ್ನುತ್ತ ಕೂತಿದ್ದಾಳೆ ಎಂದು ಅವರು ತಿಳಿಯುವುದಿಲ್ಲ. ಪಕ್ಕದಲ್ಲಿ ಕೂತ ಮಗಳ ಮುಖ ಮಾತ್ರ ಕೆಂಪಾಗುತ್ತದೆ. ಮಗಳಿಗೆ ಶಾಲೆಯಲ್ಲಿ ಹೇಳಿಕೊಟ್ಟ ನಿಯಮ ನೆನಪಿದೆ: ಸ್ಥಿತಿ ಹೇಳುವ ಕ್ರಿಯಾಪದಕ್ಕೆ ‘ಇಂಗ್’ ಬರಬಾರದು. ನೋ, ಹ್ಯಾವ್, ಬಿಲೀವ್, ಲವ್, ಬಿಲಾಂಗ್ ಎಂದು ಉದ್ದನೆಯ ಪಟ್ಟಿ. 1930ರ ದಶಕದಿಂದ ಇಲ್ಲಿಯ ಮೂರು ತಲೆಮಾರು ಉರು ಹೊಡೆದ ರೆನ್ ಮತ್ತು ಮಾರ್ಟಿನ್ ವ್ಯಾಕರಣವೂ ಈ ಪಟ್ಟಿಯನ್ನು ಕೊಡುತ್ತದೆ.

ಪಟ್ಟಿ ಸುಳ್ಳಲ್ಲ, ಅದರ ಹಿಂದಿನ ನಿಯಮ ಮಾತ್ರ ಹೇಳಿದಷ್ಟು ಗಟ್ಟಿಯಾಗಿಲ್ಲ. ಕೂತಿರುವುದು ಸ್ಥಿತಿಯಲ್ಲವೇ? ಕನ್ನಡಕ್ಕೆ ಅದು ಸ್ಥಿತಿಯೇ. ಕೂರುವ ಕೆಲಸ ಮುಗಿದಿದೆ, ಅದರ ಫಲ ಉಳಿದಿದೆ. ಆದ್ದರಿಂದ ‘ಅಜ್ಜ ಕೂತಿದ್ದಾನೆ’. ‘ಕೂರುತ್ತಿದ್ದಾನೆ’ ಎಂದರೆ ಮೊಣಕಾಲು ಇನ್ನೂ ಮಡಿಯುತ್ತಿದೆ ಎಂದರ್ಥ. ಇಂಗ್ಲಿಷು ಇದಕ್ಕೆ ‘ಹಿ ಈಸ್ ಸಿಟ್ಟಿಂಗ್’ ಎನ್ನುತ್ತದೆ. ‘ಸೀರೆ ಉಟ್ಟಿದ್ದಾಳೆ’ ಎಂಬುದು ‘ಶಿ ಈಸ್ ವೇರಿಂಗ್ ಎ ಸಾರಿ’. ಮಲಗಿದ್ದಾನೆ, ನಿಂತಿದ್ದಾನೆ, ಹಿಡಿದುಕೊಂಡಿದ್ದಾನೆ, ಕನ್ನಡಕ ಹಾಕಿದ್ದಾನೆ — ಇವೆಲ್ಲ ಸ್ಥಿತಿಗಳು, ಇಂಗ್ಲಿಷಿನಲ್ಲಿ ಎಲ್ಲಕ್ಕೂ ‘ಇಂಗ್’. ಹೀಗಾಗಿ ಕನ್ನಡದ ಮಕ್ಕಳು ಚಿತ್ರ ನೋಡಿ ‘ಶಿ ಹ್ಯಾಸ್ ವೋರ್ನ್ ಎ ರೆಡ್ ಸಾರಿ’ ಎಂದು ಬರೆಯುತ್ತಾರೆ. ಅದು ಅವರ ಕಿವಿಗೆ ಸರಿಯಾಗಿಯೇ ಕೇಳಿದ ಕನ್ನಡ. ಸ್ಥಿತಿಗೆ ‘ಇಂಗ್’ ಬೇಡ ಎಂದು ಸೋಮವಾರ ಹೇಳಿದ ಟೀಚರು ‘ವೇರಿಂಗ್’ ಬರೆಯಬೇಕಿತ್ತು ಎಂದು ಬುಧವಾರ ಕೆಂಪು ಗೀಟು ಎಳೆದರೆ ಮಗು ಯಾವುದನ್ನು ನಂಬಬೇಕು?

‘ಐ ಆ್ಯಮ್ ನೋಯಿಂಗ್’ ವಿಷಯಕ್ಕೆ ಬರೋಣ. ಇದು ಮಾತೃಭಾಷೆಯ ಪ್ರಭಾವ ಎಂದು ಸ್ಪೋಕನ್ ಇಂಗ್ಲಿಷ್ ತರಗತಿಯವರು ತೀರ್ಪು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಯಾವ ಮಾತೃಭಾಷೆ? ಕನ್ನಡದ ‘ಗೊತ್ತು’ ಎಂಬ ಪದಕ್ಕೆ ಕಾಲವೂ ಇಲ್ಲ, ಪುರುಷವೂ ಇಲ್ಲ. ನನಗೆ ಗೊತ್ತು, ನಿನಗೆ ಗೊತ್ತು, ಅವರಿಗೆ ಗೊತ್ತು. ಅದಕ್ಕೆ ‘ಉತ್ತಿದೆ’ ಸೇರಿಸಲು ಹೊರಟರೆ ನಾಲಿಗೆಯೇ ತಿರುಗುವುದಿಲ್ಲ. ‘ಗೊತ್ತಾಗುತ್ತಿದೆ’ ಎಂಬುದು ಬೇರೆ ಮಾತು, ಈಗೀಗ ತಿಳಿಯುತ್ತಿದೆ ಎಂದು. ಹಿಂದಿಯಲ್ಲೂ ‘ಮಾಲೂಮ್ ಹೈ’ ಎನ್ನುತ್ತಾರೆ, ‘ಮಾಲೂಮ್ ರಹಾ ಹೈ’ ಎಂದು ಯಾರೂ ಅನ್ನುವುದಿಲ್ಲ. ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಎಂಬುದರಲ್ಲೂ ‘ಇರುತ್ತಿದ್ದಾರೆ’ ಇಲ್ಲ. ಹಾಗಾದರೆ ‘ನೋಯಿಂಗ್’, ‘ಹ್ಯಾವಿಂಗ್’ಗಳು ಮನೆಯಿಂದ ಬಂದವಲ್ಲ. ತರಗತಿಯಿಂದ ಬಂದಿರುವ ಸಾಧ್ಯತೆಯೇ ಹೆಚ್ಚು. ಟೀಚರು ಬಾಗಿಲ ತನಕ ನಡೆದು ‘ಐ ಆ್ಯಮ್ ವಾಕಿಂಗ್ ಟು ದ ಡೋರ್’, ಬಾಗಿಲು ತೆಗೆದು ‘ಐ ಆ್ಯಮ್ ಓಪನಿಂಗ್ ದ ಡೋರ್’ ಎಂದು ನಟಿಸಿ ತೋರಿಸುವ ಪಾಠ ಎಷ್ಟೋ ಶಾಲೆಗಳಲ್ಲಿ ಮೊದಲಿಗೇ ಬರುತ್ತದೆ. ಕಣ್ಣೆದುರು ಮಾಡಿ ತೋರಿಸಲು ಅದೇ ಸುಲಭ. ಮೊದಲು ಕಲಿತದ್ದು ಗಟ್ಟಿಯಾಗಿ ಉಳಿಯಿತು, ಅಷ್ಟೆ. ತರಗತಿ ಹುಟ್ಟುಹಾಕಿದ ತಪ್ಪಿಗೆ ತರಗತಿಯೇ ಅಮ್ಮನ ಭಾಷೆಯನ್ನು ದೂರುವುದು ಸೊಗಸಾಗಿದೆ.

ಕನ್ನಡದಿಂದ ನೇರವಾಗಿ ಬರುವ ‘ಇಂಗ್’ಗಳೂ ಇವೆ, ಇಲ್ಲವೆಂದಲ್ಲ. ‘ಅರ್ಥ ಆಗ್ತಾ ಇಲ್ಲ’ ಎಂಬುದು ‘ಐ ಆ್ಯಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’ ಆಗುತ್ತದೆ. ‘ನನ್ನ ಮಾತು ಕೇಳಿಸ್ತಾ ಇದೆಯಾ?’ ಎಂಬುದು ‘ಆರ್ ಯೂ ಹಿಯರಿಂಗ್ ಮಿ?’ ಆನ್‌ಲೈನ್ ಮೀಟಿಂಗಿನಲ್ಲಿ ಪರದೆ ಹಂಚಿಕೊಳ್ಳುವ ಹೊತ್ತಿಗೆ ದೇಶವಿಡೀ ಒಂದು ಜಾಣ ದಾರಿ ಕಂಡುಕೊಂಡಿದೆ: ‘ಆರ್ ಯೂ ಏಬಲ್ ಟು ಸೀ ಮೈ ಸ್ಕ್ರೀನ್?’ ‘ಸೀಯಿಂಗ್’ ಎಂದರೆ ನಗುತ್ತಾರೆ ಎಂಬ ಭಯ ಒಂದು ಕಡೆ, ಕ್ರಿಯಾಪದವೊಂದನ್ನು ಬೋಳಾಗಿ ಬಿಡಲು ಮನಸ್ಸಿಲ್ಲ ಇನ್ನೊಂದು ಕಡೆ. ನಡುವೆ ‘ಏಬಲ್ ಟು’ ಬಂದು ಕೂತಿದೆ. ‘ಮಗ ಏನ್ ಮಾಡ್ಕೊಂಡಿದ್ದಾನೆ?’ ಎಂಬ ಊರಿನ ಪ್ರಶ್ನೆಯೂ ಹೀಗೆಯೇ. ‘ವಾಟ್ ಈಸ್ ಯುವರ್ ಸನ್ ಡೂಯಿಂಗ್?’ ಎಂದು ಲಂಡನ್ನಿನ ನೆರೆಮನೆಯವರನ್ನು ಕೇಳಿದರೆ ‘ನಿದ್ದೆ ಮಾಡ್ತಿದ್ದಾನೆ’ ಎಂಬ ಉತ್ತರ ಬಂದೀತು. ಅದು ತಮಾಷೆಯ ಗೊಂದಲ, ಎರಡನೇ ಪ್ರಶ್ನೆಗೆ ಸರಿಹೋಗುತ್ತದೆ.

ಇಂಗ್ಲಿಷಿನ ‘ಇಂಗ್’ ಕೂಡ ಒಂದೇ ಕಡೆ ನಿಂತದ್ದಲ್ಲ. ‘ಮನೆ ಕಟ್ಟಲಾಗುತ್ತಿದೆ’ ಎನ್ನಲು ಇಂಗ್ಲಿಷರು ಒಂದು ಕಾಲಕ್ಕೆ ‘ದ ಹೌಸ್ ಈಸ್ ಬಿಲ್ಡಿಂಗ್’ ಎನ್ನುತ್ತಿದ್ದರು. 18ನೆಯ ಶತಮಾನದ ಕೊನೆಯ ಹೊತ್ತಿಗೆ ‘ಈಸ್ ಬೀಯಿಂಗ್ ಬಿಲ್ಟ್’ ಎಂಬ ಹೊಸ ರೂಪ ತಲೆಯೆತ್ತಿದಾಗ ಪಂಡಿತರು ಕೆರಳಿದರು. ಅಮೆರಿಕದ ರಿಚರ್ಡ್ ಗ್ರಾಂಟ್ ವೈಟ್ 1870ರ ತನ್ನ ಪುಸ್ತಕದಲ್ಲಿ ಅದನ್ನು ಹಳಿಯಲು ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಇವತ್ತು ಆ ರೂಪವಿಲ್ಲದೆ ಒಂದು ದಿನದ ಪತ್ರಿಕೆ ಅಚ್ಚಾಗುವುದಿಲ್ಲ. 2003ರಲ್ಲಿ ಮೆಕ್‌ಡೊನಾಲ್ಡ್ಸ್ ‘ಐ ಆ್ಯಮ್ ಲವಿಂಗ್ ಇಟ್’ ಎಂಬ ಘೋಷಣೆ ಹೊರತಂದಾಗ ‘ಲವ್’ ಪಟ್ಟಿಯಲ್ಲಿದೆಯಲ್ಲ ಎಂದು ಕಂಪನಿ ಯಾರನ್ನೂ ಕೇಳಲಿಲ್ಲ. ಪುಷ್ಪಾಳನ್ನು ಬೀಳ್ಕೊಟ್ಟವನ ಬಾಯಲ್ಲಿ ಬಂದರೆ ನಗು, ಬರ್ಗರಿನ ಪೊಟ್ಟಣದ ಮೇಲೆ ಬಂದರೆ ಸ್ಟೈಲು.

ಕನ್ನಡದ ಕತೆಯೂ ಇದೇ. ಹಳಗನ್ನಡದ ವರ್ತಮಾನಕ್ಕೆ ‘ದಪ’ ಎಂಬ ಪ್ರತ್ಯಯವಿತ್ತೆಂದು 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ ಹೇಳುತ್ತದೆ. ಇಂದಿನ ‘ಮಾಡುತ್ತಾನೆ’ ಅದರ ಸಂತಾನವಲ್ಲ. ಅದು ‘ಮಾಡುತ್ತ’ ಎಂಬ, ನಡೆಯುತ್ತಿರುವ ಕೆಲಸವನ್ನು ಹೇಳುವ ರೂಪದಿಂದ ಬೆಳೆದದ್ದು. ಮೊದಲು ‘ಈ ಕ್ಷಣ’ಕ್ಕೆ ಮೀಸಲಾದ ರೂಪ ಮೆಲ್ಲಗೆ ರೂಢಿಯ ಮಾತಿಗೂ ಹರಡಿಕೊಂಡಿತು, ಈಗ ‘ಈ ಕ್ಷಣ’ ಎಂದು ಖಚಿತವಾಗಿ ಹೇಳಬೇಕಾದರೆ ‘ಮಾಡುತ್ತಿದ್ದಾನೆ’ ಬೇಕು. ಜಗತ್ತಿನ ಅನೇಕ ಭಾಷೆಗಳಲ್ಲಿ ಇದೇ ಹಾದಿ ಕಾಣುತ್ತದೆ ಎಂದು ಜೋನ್ ಬೈಬೀ ಮತ್ತು ಸಂಗಡಿಗರು 1994ರ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ಭಾರತೀಯ ಇಂಗ್ಲಿಷು ‘ಇಂಗ್’ ಅನ್ನು ಹಿಗ್ಗಿಸುತ್ತಿರುವುದರಲ್ಲಿ ವಿಚಿತ್ರವೇನೂ ಇಲ್ಲ. ಅದನ್ನು ಅದರ ಪಾಡಿಗೆ ಬಿಡಬಹುದು.

ಬಿಡಬಾರದ್ದು ಬೇರೆ ಇವೆ. ಅವುಗಳಲ್ಲಿ ಮೊದಲನೆಯದು ‘ವಿಲ್’.

ಶಾಲೆಯ ಕನ್ನಡ ವ್ಯಾಕರಣದಲ್ಲಿ ಮೂರು ಕಾಲ: ಹೋದನು, ಹೋಗುತ್ತಾನೆ, ಹೋಗುವನು. ಮಾತಿನಲ್ಲಿ ಮೂರನೆಯದನ್ನು ಬಳಸುವವರು ಕಡಿಮೆ. ‘ದಿನಾ ಏಳು ಗಂಟೆಗೆ ಹೋಗ್ತೀನಿ’, ‘ನಾಳೆ ಏಳು ಗಂಟೆಗೆ ಹೋಗ್ತೀನಿ’ — ಎರಡಕ್ಕೂ ಒಂದೇ ರೂಪ. ಕನ್ನಡದಲ್ಲಿ ನಿಜವಾಗಿ ಇರುವುದು ಎರಡೇ ಕಾಲ, ಭೂತ ಮತ್ತು ಭೂತವಲ್ಲದ್ದು ಎಂದು ಡಿ.ಎನ್. ಶಂಕರ ಭಟ್ಟರು ವಾದಿಸಿದ್ದು ಇದಕ್ಕೇ. ತೆಲುಗಿನ ‘ವೆಳ್ತಾನು’ ಕೂಡ ಹೀಗೆಯೇ ರೂಢಿಗೂ ನಾಳೆಗೂ ಸಲ್ಲುತ್ತದೆ. ತಮಿಳಿನಲ್ಲಿ ರೂಢಿ ಹೇಳಲು ಭವಿಷ್ಯದ ‘ಪೋವೇನ್’ ಬರುವುದುಂಟು. ಆದ್ದರಿಂದ ಬೆಂಗಳೂರು, ಹೈದರಾಬಾದು, ಚೆನ್ನೈಯವರು ಕೂಡಿ ಆಡುವ ಇಂಗ್ಲಿಷಿನಲ್ಲಿ ‘ಡೈಲಿ ಐ ವಿಲ್ ಗೆಟ್ ಅಪ್ ಅಟ್ ಫೈವ್’ ಎಂಬುದು ಸಹಜ. ಕೇಳುವವರೂ ದಕ್ಷಿಣದವರಾದರೆ ತೊಂದರೆಯಿಲ್ಲ.

ಕೇಳುವವರು ಹೊರಗಿನವರಾದಾಗ? ‘ಬಿಪಿಗೆ ಏನಾದರೂ ತೆಗೆದುಕೊಳ್ಳುತ್ತೀರಾ?’ ಎಂದು ಮಗನ ಮನೆಗೆ ಅಮೆರಿಕಕ್ಕೆ ಹೋದ ತಂದೆಯನ್ನು ಅಲ್ಲಿಯ ಡಾಕ್ಟರು ಕೇಳುತ್ತಾರೆ. ‘ಡೈಲಿ ಐ ವಿಲ್ ಟೇಕ್ ಒನ್ ಟ್ಯಾಬ್ಲೆಟ್’ ಎಂದರೆ ಇನ್ನು ಮುಂದೆ ತೆಗೆದುಕೊಳ್ಳುತ್ತೇನೆ ಎಂಬ ಭರವಸೆಯಾಗಿ ಕೇಳಿಸಬಹುದು. ಹತ್ತು ವರ್ಷದಿಂದ ನುಂಗುತ್ತಿರುವ ಮಾತ್ರೆ ಆ ಮಾತಿನಲ್ಲಿ ಎಲ್ಲೂ ಇಲ್ಲ.

ಇದಕ್ಕಿಂತ ಕಠಿಣವಾದದ್ದು ಹೇಳಿಕೆಗಳ ಅನುವಾದ. ‘ಕುಡಿದು ಬಂದು ಹೊಡೀತಾನೆ’ ಎಂದು ಹೆಂಗಸೊಬ್ಬಳು ಕನ್ನಡದಲ್ಲಿ ಹೇಳುತ್ತಾಳೆ. ದೆಹಲಿಯಲ್ಲೋ ಮುಂಬೈಯಲ್ಲೋ ಅದನ್ನು ಇಂಗ್ಲಿಷಿಗೆ ತಿರುಗಿಸಿ ಬರೆಯುವವರು ‘ಹಿ ವಿಲ್ ಬೀಟ್ ಮಿ’ ಎಂದು ಬರೆದರೆ ಅದು ಮುಂದೆ ಆಗಬಹುದಾದ ಭಯ. ‘ಹಿ ಬೀಟ್ಸ್ ಮಿ’ ಎಂದರೆ ನಡೆಯುತ್ತ ಬಂದ ಹಿಂಸೆ. ‘ಹಿ ಈಸ್ ಬೀಟಿಂಗ್ ಮಿ’ ಎಂದರೆ ಈಚೆಗೆ ಶುರುವಾದದ್ದೂ ಇರಬಹುದು. ಇಂಗ್ಲಿಷಿನ ‘ವಿಲ್’ಗೂ ರೂಢಿಯ ಅರ್ಥ ಒಂದು ಮೂಲೆಯಲ್ಲಿ ಇದೆ ಎಂಬುದು ನಿಜ, ಓದುವ ಅಧಿಕಾರಿಗೆ ಆ ಮೂಲೆ ನೆನಪಾಗುತ್ತದೆ ಎಂದು ಭರವಸೆ ಇಟ್ಟುಕೊಳ್ಳುವಂತಿಲ್ಲ. ಕನ್ನಡದ ‘ಹೊಡೀತಾನೆ’ ಎರಡು ಅರ್ಥವನ್ನೂ ಹೊತ್ತಿದೆ. ಬರೆಯುವವರು ಅವಳನ್ನೇ ಕೇಳಬೇಕು: ‘ಯಾವಾಗ್ಲೂ ಹೊಡೀತಾನಾ ಅಮ್ಮ, ಅಥವಾ ಹೊಡೀತೀನಿ ಅಂತ ಹೆದರಿಸ್ತಾನಾ?’ ಈ ಒಂದು ಪ್ರಶ್ನೆ ಕೇಳಲು ಬೇಕಾದ ವ್ಯಾಕರಣ ಹನ್ನೆರಡು ಕಾಲಗಳ ಕೋಷ್ಟಕದಲ್ಲಿ ಸಿಗುವುದಿಲ್ಲ. ಕನ್ನಡದ ಒಂದು ರೂಪ ಇಂಗ್ಲಿಷಿನಲ್ಲಿ ಎಲ್ಲಿ ಎರಡಾಗಿ ಒಡೆಯುತ್ತದೆ ಎಂದು ತಿಳಿದವರಿಗೆ ಮಾತ್ರ ಅದು ಹೊಳೆಯುತ್ತದೆ.

ಉತ್ತರದಲ್ಲಿ ನೆಲೆಸಿದ ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ, ಅದನ್ನು ಯಾರೂ ಬಳಸಿಕೊಂಡಂತೆ ಕಾಣುವುದಿಲ್ಲ. ಹಿಂದಿ ಈ ಎರಡನ್ನೂ ಬೇರೆ ಇಡುತ್ತದೆ: ರೂಢಿಗೆ ‘ಜಾತಾ ಹ್ಞೂ’, ನಾಳೆಗೆ ‘ಜಾಊಂಗಾ’. ಇಂಗ್ಲಿಷಿನಲ್ಲಿ ‘ವಿಲ್’ ಬೇಕೋ ಬೇಡವೋ ಎಂದು ಅನುಮಾನ ಬಂದರೆ ಮನಸ್ಸಿನಲ್ಲೇ ಒಮ್ಮೆ ಹಿಂದಿಯಲ್ಲಿ ಹೇಳಿಕೊಂಡರೆ ಸಾಕು. ‘ಜಾತಾ’ ಬಂದರೆ ‘ಐ ಗೋ’, ‘ಜಾಊಂಗಾ’ ಬಂದರೆ ‘ಐ ವಿಲ್ ಗೋ’. ಪ್ರತಿ ಸಲವೂ ಅಲ್ಲ, ಬಹಳ ಸಲ.

ಎರಡನೆಯದು ವರ್ಷಗಳ ಲೆಕ್ಕ. ‘ಹತ್ತು ವರ್ಷದಿಂದ ಪುಣೆಯಲ್ಲಿದ್ದೇನೆ’ ಎಂಬುದು ಕನ್ನಡದಲ್ಲಿ ಶುದ್ಧ ವರ್ತಮಾನ. ಈಗಲೂ ಇದ್ದೇನೆ ತಾನೆ? ಜರ್ಮನ್, ಫ್ರೆಂಚ್ ಮಾತನಾಡುವವರೂ ಇಲ್ಲಿ ವರ್ತಮಾನವನ್ನೇ ಬಳಸುತ್ತಾರೆ. ಇಂಗ್ಲಿಷು ಮಾತ್ರ ‘ಐ ಹ್ಯಾವ್ ಬೀನ್ ಲಿವಿಂಗ್’ ಎಂದು ಹಿಂದಕ್ಕೆ ತಿರುಗಿ ನಿಂತು ಅಳೆಯುತ್ತದೆ. ‘ಐ ಆ್ಯಮ್ ಲಿವಿಂಗ್ ಇನ್ ಪುಣೆ ಸಿನ್ಸ್ ಟೆನ್ ಇಯರ್ಸ್’ ಎಂದು ಬರೆದರೆ ವ್ಯಾಕರಣ ಎರಡು ಕಡೆ ಮುರಿದಿದೆ, ಅರ್ಥ ಮಾತ್ರ ಸುರಕ್ಷಿತ. ಯಾರೋ ‘ಸಿನ್ಸ್’ ತಪ್ಪು, ‘ಫಾರ್’ ಹಾಕು ಎಂದು ತಿದ್ದುತ್ತಾರೆ. ವಾಕ್ಯ ‘ಐ ಆ್ಯಮ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್’ ಎಂದಾಗುತ್ತದೆ. ಈಗ ಅರ್ಥವೂ ಕೆಟ್ಟಿತು. ಇಂಗ್ಲಿಷರ ಕಿವಿಗೆ ಅದು ಒಟ್ಟು ಮೂರು ವರ್ಷದ ಅವಧಿಗೆ ಇಲ್ಲಿ ಕೆಲಸಕ್ಕಿದ್ದೇನೆ ಎಂದು ಕೇಳುತ್ತದೆ. ವೀಸಾ ಕಿಟಕಿಯಲ್ಲಿ, ಸಂದರ್ಶನದಲ್ಲಿ, ಮನೆ ಬಾಡಿಗೆಯ ಮಾತುಕತೆಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಅರೆಬರೆ ತಿದ್ದುಪಡಿ ಮೂಲ ತಪ್ಪಿಗಿಂತ ಕೆಟ್ಟದ್ದನ್ನು ಹುಟ್ಟಿಸಿದ ಉದಾಹರಣೆ ಇದು.

ಕನ್ನಡಿಗರಿಗೆ ಈ ಭೇದ ಗೊತ್ತಿಲ್ಲವೆಂದಲ್ಲ. ‘ಎಷ್ಟು ದಿನದಿಂದ ಇದ್ದೀರಿ?’ ಎಂದು ಕೇಳಿದರೆ ಬಂದ ದಿನ ಹೇಳುತ್ತಾರೆ, ‘ಎಷ್ಟು ದಿನ ಇರ್ತೀರಿ?’ ಎಂದರೆ ಹೊರಡುವ ದಿನ ಹೇಳುತ್ತಾರೆ. ಕನ್ನಡ ಕೆಲಸವನ್ನು ಹೆಚ್ಚಾಗಿ ‘ಇಂದ’ಕ್ಕೆ ಒಪ್ಪಿಸಿದೆ, ಇಂಗ್ಲಿಷು ಕ್ರಿಯಾಪದಕ್ಕೆ. ‘ಇಂದ’ ಕಂಡಲ್ಲಿ ‘ಹ್ಯಾವ್ ಬೀನ್’ ಎಂದು ಕನ್ನಡದಲ್ಲೇ ಹೇಳಿಕೊಟ್ಟರೆ ಐದನೇ ಕ್ಲಾಸಿನ ಮಗುವಿಗೂ ಹತ್ತು ನಿಮಿಷದ ಪಾಠ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಆಡಬಾರದೆಂಬ ನಿಯಮವಿದ್ದರೆ ಅದೇ ಪಾಠ ಹತ್ತು ವರ್ಷ ನಡೆಯುತ್ತದೆ.

‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ’ ಎಂಬ ಆಫೀಸಿನ ವಾಕ್ಯ ಇವೆರಡರ ನಡುವೆ ಎಲ್ಲೋ ಇದೆ. ‘ನಿನ್ನೆಯೇ ಕಳಿಸಿದ್ದೇನೆ’ ಎಂಬ ಕನ್ನಡಕ್ಕೆ ಯಾವ ಕೊರತೆಯೂ ಇಲ್ಲ. ಕಳಿಸಿದ್ದು ನಿನ್ನೆ, ಅದರ ಫಲ ಇವತ್ತಿಗೂ ಇದೆ ಎಂದು ಎರಡನ್ನೂ ಒಟ್ಟಿಗೆ ಹೇಳುತ್ತದೆ. ಇಂಗ್ಲಿಷು ಎರಡರಲ್ಲಿ ಒಂದನ್ನು ಆರಿಸು ಎನ್ನುತ್ತದೆ. ತಿದ್ದಿಕೊಂಡರೆ ಒಳ್ಳೆಯದು, ತಿದ್ದದಿದ್ದರೆ ಯಾರ ಕೆಲಸವೂ ನಿಲ್ಲುವುದಿಲ್ಲ.

ಕನ್ನಡದ ಮೂಲಕ ಇಂಗ್ಲಿಷ್ ವ್ಯಾಕರಣ ಕಲಿಸುವುದು ಹಿಂದಕ್ಕೆ ಹೋದಂತೆ, ಅದು ಭಂಡಾರ್ಕರ್ ಕಾಲದ ಅನುವಾದ ಪದ್ಧತಿ ಎಂಬ ಆಕ್ಷೇಪ ಬರುತ್ತದೆ. ಆಕ್ಷೇಪಕ್ಕೆ ತೂಕವಿದೆ. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದುಕೊಂಡು ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣದ ಕೆಲವು ಶಾಲೆಗಳಲ್ಲಿ ನಡೆಸಿದ, ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾದ ಪ್ರಯೋಗದಲ್ಲಿ ವ್ಯಾಕರಣದ ಪಾಠವೇ ಇರಲಿಲ್ಲ. ಮಕ್ಕಳು ರೈಲಿನ ವೇಳಾಪಟ್ಟಿ, ನಕ್ಷೆಗಳನ್ನು ಇಟ್ಟುಕೊಂಡು ಲೆಕ್ಕ ಬಿಡಿಸುತ್ತಿದ್ದರು. ಗಮನ ಅರ್ಥದ ಮೇಲಿದ್ದರೆ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಉದ್ಯಾನ್ ಎಕ್ಸ್‌ಪ್ರೆಸ್ ಮುಂಬೈಯಿಂದ ಎಷ್ಟಕ್ಕೆ ಹೊರಡುತ್ತದೆ ಎಂದು ಹುಡುಕುವ ಮಗು ‘ಲೀವ್ಸ್’ ಎಂಬ ರೂಪವನ್ನು ಅದರ ಸ್ವಂತ ಜಾಗದಲ್ಲೇ ನೋಡುತ್ತದೆ, ಬಾಗಿಲ ತನಕ ನಡೆದು ತೋರಿಸುವ ಟೀಚರು ಬೇಕಾಗುವುದಿಲ್ಲ. ಆ ಪ್ರಯೋಗವನ್ನು ಜಗತ್ತಿನ ಭಾಷಾಬೋಧಕರು ಇವತ್ತಿಗೂ ಓದುತ್ತಾರೆ. ಆದರೆ ಒಳಗಿಳಿಯುವುದಕ್ಕೆ ಸುತ್ತಮುತ್ತ ಇಂಗ್ಲಿಷು ಹೇರಳವಾಗಿ ಸುರಿಯಬೇಕು. ಅದಿಲ್ಲದ ಊರಿನ ಮಗುವಿಗೆ, ನಲವತ್ತು ದಾಟಿ ಪರವೂರಿನಲ್ಲಿ ಇಂಗ್ಲಿಷು ಆಡಬೇಕಾಗಿ ಬಂದ ಹೆಂಗಸಿಗೆ, ಎಲ್ಲಿ ಜಾರುತ್ತೇವೆ ಎಂದು ಸ್ವಂತ ಭಾಷೆಯಲ್ಲಿ ಯಾರಾದರೂ ತೋರಿಸಿದರೆ ವರ್ಷಗಳು ಉಳಿಯುತ್ತವೆ.

ಇನ್ನೊಂದು ಆಕ್ಷೇಪ ಹೆಚ್ಚು ನೇರ. ‘ಹ್ಯಾವಿಂಗ್’ ನಿರುಪದ್ರವಿ ಎಂದು ಬರೆಯುವುದು ಸುಲಭ, ಸಂದರ್ಶನದಲ್ಲಿ ಕೂತವನ ಕೆಲಸ ಹೋಗುವುದು ಅದೇ ‘ಹ್ಯಾವಿಂಗ್’ನಿಂದ ತಾನೆ? ಹೌದು, ಹೋಗಬಹುದು. ಅದನ್ನು ಕಲಿಸಬೇಡಿ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಅದನ್ನು ಊಟದ ಮೇಜಿನ ಶಿಷ್ಟಾಚಾರದ ಹಾಗೆ ಕಲಿಸಬೇಕು: ಇಂಥ ಕಡೆ ಇಂಥದ್ದನ್ನು ನೋಡಿ ನಿಮ್ಮನ್ನು ಅಳೆಯುತ್ತಾರೆ, ಆದ್ದರಿಂದ ಎಚ್ಚರ ಎಂದು. ಬುದ್ಧಿಯ ಕೊರತೆ ಎಂದಲ್ಲ. ಅಳೆಯುವವರು ತಮ್ಮ ಅಳತೆಗೋಲನ್ನೂ ಒಮ್ಮೆ ನೋಡಿಕೊಳ್ಳಲಿ. ಅವರದೇ ಇಮೇಲಿನಲ್ಲಿ ‘ಹ್ಯಾವ್ ಸೆಂಟ್ ಯೆಸ್ಟರ್‌ಡೇ’ ಇರುತ್ತದೆ.

ಪರವೂರಿನ ಕನ್ನಡ ಮನೆಗಳಲ್ಲಿ ಈಗ ಇದರ ಪ್ರತಿಬಿಂಬವೂ ಕಾಣಿಸತೊಡಗಿದೆ. ಅಮ್ಮನ ‘ಹ್ಯಾವಿಂಗ್’ಗೆ ಮುಖ ಕೆಂಪಾಗಿಸಿಕೊಂಡ ಮಗಳ ಮಗ ಗುರುಗ್ರಾಮದಲ್ಲಿ ಬೆಳೆಯುತ್ತಾನೆ, ಅವನ ಇಂಗ್ಲಿಷಿನಲ್ಲಿ ಎಲ್ಲ ಕಾಲವೂ ಸರಿ. ವಿಡಿಯೊ ಕಾಲಿನಲ್ಲಿ ಧಾರವಾಡದ ಮುತ್ತಜ್ಜಿಗೆ ಫೋಟೊ ತೋರಿಸುತ್ತ ‘ಅಮ್ಮ ಕೆಂಪು ಸೀರೆ ಉಡ್ತಿದ್ದಾಳೆ’ ಎನ್ನುತ್ತಾನೆ. ‘ವೇರಿಂಗ್’ ಅವನ ತಲೆಯಲ್ಲಿದೆ. ಮುತ್ತಜ್ಜಿಗೆ ಗಾಬರಿ: ಸೀರೆ ಉಡುವಾಗ ಯಾರಾದರೂ ಫೋಟೊ ತೆಗೀತಾರೇನು? ಆಕೆ ನಗುವುದಿಲ್ಲ. ‘ಉಟ್ಟಾಳ ಅನ್ನಬೇಕಪಾ’ ಎನ್ನುತ್ತಾಳೆ. ಅವನು ಒಮ್ಮೆ ಹೇಳಿ, ಮುಂದಿನ ಫೋಟೊಗೆ ಹೋಗುತ್ತಾನೆ.